ಇಸ್ಮ್, ನಾಮಪದ ಮತ್ತು ಮನೆಮಾತು

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಉರ್ದು ಶಾಲೆಗಳಲ್ಲಿ ವ್ಯಾಕರಣದ ಪದಗಳ ಪುನರಾವರ್ತನೆ ಎರಡೆರಡು ಸಲ ನಡೆಯುತ್ತದೆ. ಒಂದು ಪೀರಿಯಡಿನಲ್ಲಿ ಇಸ್ಮ್, ಫೇಲ್, ಹರ್ಫ್. ಮುಂದಿನ ಪೀರಿಯಡಿನಲ್ಲಿ ನಾಮಪದ, ಕ್ರಿಯಾಪದ, ಅವ್ಯಯ. ಮಕ್ಕಳು ಎರಡನ್ನೂ ಬೇರೆಬೇರೆ ಪಾಠಗಳೆಂದು ಬಾಯಿಪಾಠ ಮಾಡುತ್ತಾರೆ. ಇಸ್ಮ್ ಎಂದರೂ ಹೆಸರು, ನಾಮ ಎಂದರೂ ಹೆಸರು. ಫೇಲ್ ಎಂದರೂ ಕ್ರಿಯೆ ಎಂದರೂ ಮಾಡುವ ಕೆಲಸ. ಇಷ್ಟನ್ನು ಹೇಳಿಬಿಟ್ಟರೆ ಅರ್ಧ ಹೊರೆ ಇಳಿಯುತ್ತದೆ. ಆದರೆ ಹೇಳುವವರು ಕಡಿಮೆ.

ಈ ಪದಗಳು ಆಕಾಶದಿಂದ ಇಳಿದವಲ್ಲ. ಎಂಟನೆಯ ಶತಮಾನದಲ್ಲಿ ಬಸ್ರಾದಲ್ಲಿ ಕಲಿತ ಸೀಬವೈಹ್ ತನ್ನ 'ಅಲ್ ಕಿತಾಬ್' ಗ್ರಂಥವನ್ನು ಶುರುಮಾಡುವುದೇ ಮಾತನ್ನು ಇಸ್ಮ್, ಫೇಲ್, ಹರ್ಫ್ ಎಂದು ಮೂರಾಗಿ ವಿಂಗಡಿಸುವ ಮೂಲಕ. ಅರಬ್ಬಿ ವ್ಯಾಕರಣದ ಈ ಮಹಾಗುರು ಹುಟ್ಟಿನಿಂದ ಅರಬನಲ್ಲ, ಪರ್ಷಿಯನ್. ಅದಕ್ಕೂ ಹಿಂದೆ, ಹೊಸದಾಗಿ ಇಸ್ಲಾಮಿಗೆ ಬಂದ ಅರಬೇತರರು ಕುರ್‌ಆನನ್ನು ತಪ್ಪಾಗಿ ಓದುವುದನ್ನು ಕೇಳಿ ಅಬುಲ್ ಅಸ್ವದ್ ಅದ್ದುಅಲೀ ಸ್ವರಚಿಹ್ನೆಗಳಿಗೆ ದಾರಿಮಾಡಿದರೆಂದು ಪರಂಪರೆ ಹೇಳುತ್ತದೆ. ಉರ್ದು ಮಗು ಆ ಚಿಹ್ನೆಗಳನ್ನು ಪಾರಸಿ ಹೆಸರುಗಳಲ್ಲಿ ಕಲಿಯುತ್ತದೆ: ಜಬರ್ ಎಂದರೆ ಮೇಲೆ, ಜೇರ್ ಎಂದರೆ ಕೆಳಗೆ, ಪೇಶ್ ಎಂದರೆ ಮುಂದೆ. ನಮ್ಮ ತಲಕಟ್ಟು, ಗುಡಿಸು, ಕೊಂಬುಗಳ ಹಾಗೆ ಕಣ್ಣಿಗೆ ಕಾಣುವ ಹೆಸರುಗಳು. ಇವುಗಳನ್ನು ಕಲಿಯಲು ಯಾವ ಮಗುವೂ ಅತ್ತದ್ದು ನಾವು ಕಂಡಿಲ್ಲ.

ತೊಡಕು ಬಂದದ್ದು ಒಂದು ಭಾಷೆಯ ಅಳತೆಗೆ ಹೊಲಿದ ಅಂಗಿಯನ್ನು ಇನ್ನೊಂದಕ್ಕೆ ತೊಡಿಸಿದಾಗ. ಇನ್ಶಾ ಅಲ್ಲಾ ಖಾನ್ 1808ರಲ್ಲಿ ಉರ್ದುವಿನ ಬಗ್ಗೆ 'ದರಿಯಾ ಎ ಲತಾಫತ್' ಬರೆದರು. ಬರೆದದ್ದು ಮಾತ್ರ ಪಾರಸಿಯಲ್ಲಿ! 1914ರಲ್ಲಿ 'ಕವಾಯದೆ ಉರ್ದು' ಬರೆದ ಮೌಲ್ವಿ ಅಬ್ದುಲ್ ಹಕ್, ಉರ್ದು ಇದೇ ನೆಲದ ಭಾಷೆ, ಅದರ ವ್ಯಾಕರಣ ಅರಬ್ಬಿಯ ಜಾಡು ಹಿಡಿಯಬೇಕಿಲ್ಲ ಎಂದು ವಾದಿಸಿದರು. ಹಾಗೆ ವಾದಿಸಿದವರ ಪುಸ್ತಕದಲ್ಲೂ ಇಸ್ಮ್, ಫೇಲ್, ಹರ್ಫ್ ಉಳಿದವು. ಹೆಸರುಗಳನ್ನು ಬದಲಿಸುವುದು ಅಷ್ಟು ಸುಲಭವಲ್ಲ.

ಕನ್ನಡದ ಕಥೆಯೂ ಬಹಳ ಭಿನ್ನವಲ್ಲ. 1260ರ ಸುಮಾರಿಗೆ ಜೈನ ಕವಿ ಕೇಶಿರಾಜ 'ಶಬ್ದಮಣಿದರ್ಪಣ'ವನ್ನು ಕನ್ನಡದಲ್ಲೇ, ಕಂದ ಪದ್ಯಗಳಲ್ಲಿ ಬರೆದ. ಅದು ದೊಡ್ಡ ಕೆಲಸ. ಆದರೆ ಪರಿಭಾಷೆ ಸಂಸ್ಕೃತದ್ದು, ವಿಭಕ್ತಿಗಳು ಏಳು. ಇಂದಿಗೂ ಮಕ್ಕಳು ಪಂಚಮಿಗೆ 'ದೆಸೆಯಿಂದ' ಎಂದು ಉರುಹೊಡೆಯುತ್ತಾರೆ. ಮರದ ದೆಸೆಯಿಂದ ಹಣ್ಣು ಬಿತ್ತು ಎಂದು ಯಾವ ಸಂತೆಯಲ್ಲಿ ಯಾರು ಮಾತಾಡುತ್ತಾರೆ? ಮರದಿಂದ ಬಿತ್ತು, ಅಷ್ಟೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ.ಎನ್. ಶಂಕರ ಭಟ್ 2000ದಲ್ಲಿ ಪುಸ್ತಕವನ್ನೇ ಬರೆದರು. ಅವರ ಹೊಸ ಪದಗಳೆಲ್ಲ ನಮ್ಮ ನಾಲಿಗೆಗೆ ಒಗ್ಗಿಲ್ಲ, ಆದರೆ ಅವರ ಪ್ರಶ್ನೆ ಒಗ್ಗಿದೆ.

ಈ ಎರಡು ಪರಂಪರೆಗಳ ನಡುವೆ ಕೂತ ನಮ್ಮ ಮಗುವಿನ ಮನೆಮಾತು ದಖನಿ. ಅದು ಮನೆಯಲ್ಲಿ 'ಮೈಂ ಕಿತಾಬ್ ಪಢ್ಯಾ' ಎನ್ನುತ್ತದೆ. ಪಠ್ಯಪುಸ್ತಕಕ್ಕೆ 'ಮೈನೆ ಕಿತಾಬ್ ಪಢೀ' ಬೇಕು. ಕಿತಾಬ್ ಉರ್ದುವಿನಲ್ಲಿ ಸ್ತ್ರೀಲಿಂಗ. ಮುಂದಿನ ಪೀರಿಯಡಿನಲ್ಲಿ ಅದೇ ವಸ್ತು ಪುಸ್ತಕವಾಗಿ ನಪುಂಸಕಲಿಂಗ. 'ಘರ್ ಮೇಂ' ಎಂದಾಗ 'ಮೇಂ' ಬಿಡಿಯಾಗಿ ನಿಂತು ಹರ್ಫ್ ಆಗುತ್ತದೆ. 'ಮನೆಯಲ್ಲಿ' ಎಂದಾಗ ಅದೇ ಕೆಲಸ ಮಾಡುವ 'ಅಲ್ಲಿ' ಅಂಟಿಕೊಂಡು ಪ್ರತ್ಯಯವಾಗುತ್ತದೆ. ಎರಡನ್ನೂ ಒಂದೇ ಹಲಗೆಯ ಮೇಲೆ ಬರೆದು ತೋರಿಸಲು ಐದು ನಿಮಿಷ ಸಾಕು. ಉರ್ದು ಉಸ್ತಾದರು ಕನ್ನಡ ಮೇಷ್ಟರ ಪೀರಿಯಡಿಗೆ ಒಮ್ಮೆ ಹೋಗಿ ಕೂರಬೇಕು, ಮೇಷ್ಟರು ಇವರ ಪೀರಿಯಡಿಗೆ ಬರಬೇಕು.

ಮಗು 'ಕಿತಾಬಾಂ' ಎಂದರೆ ತಪ್ಪೆಂದು ತಿದ್ದುತ್ತಾರೆ, 'ಕಿತಾಬೇಂ' ಬರೆಸುತ್ತಾರೆ. ಪರೀಕ್ಷೆಗೆ ಅದು ಸರಿ. ಆದರೆ ಮೌಲ್ವಿ ಅಬ್ದುಲ್ ಹಕ್ ಇಡೀ ಪುಸ್ತಕ ಬರೆದು ನೆನಪಿಸಿದ ನುಸ್ರತಿ, ಬಿಜಾಪುರದ ಎರಡನೆಯ ಅಲಿ ಆದಿಲ್ ಶಾಹನ ಆಸ್ಥಾನಕವಿ, ಬರೆದದ್ದು ದಖನಿಯಲ್ಲಿ. 'ಆಂ' ಎಂದು ಮುಗಿಯುವ ಆ ಬಹುವಚನ ಹಳೆಯ ದಖನಿ ಕಾವ್ಯದಲ್ಲಿ ಪುಟಪುಟಕ್ಕೂ ಸಿಗುತ್ತದೆ.