ಇ ವಾಂಪೀರಿ

ಇ ವಾಂಪೀರಿ (ರಕ್ತಪಿಶಾಚಿಗಳು): ರಿಕ್ಕಾರ್ದೊ ಫ್ರೆದಾ ನಿರ್ದೇಶಿಸಿ, ಮಾರಿಯೊ ಬಾವಾ ಛಾಯಾಗ್ರಹಣ ಮಾಡಿದ ಕಪ್ಪುಬಿಳುಪಿನ ಇಟಾಲಿಯನ್ ಚಲಚ್ಚಿತ್ರ. 1957ರ ಏಪ್ರಿಲ್ 5ರಂದು ತೆರೆಕಂಡ ಇದನ್ನು ಇಟಲಿಯ ವಾಕ್ಚಿತ್ರಯುಗದ ಮೊದಲ ಭಯಾನಕ ಚಿತ್ರವೆಂದು ಚಿತ್ರೇತಿಹಾಸಕಾರರು ಎಣಿಸುತ್ತಾರೆ. ಮೂಕಚಿತ್ರಗಳ ಕಾಲದಲ್ಲಿ ಫ್ರಾಂಕನ್‌ಸ್ಟೈನನ ಕಥೆಯೊಂದನ್ನು ಅಲ್ಲಿ ತೆರೆಗೆ ತಂದದ್ದುಂಟಾದರೂ ಆ ಚಿತ್ರ ಇಂದು ಉಳಿದಿಲ್ಲ. ಅನಂತರ ಮುಸೊಲಿನಿಯ ಆಳ್ವಿಕೆಯಲ್ಲಿ ಇಂತಹ ವಸ್ತುಗಳಿಗೆ ಆಶ್ರಯ ದೊರೆಯಲಿಲ್ಲ. ಯುದ್ಧಾನಂತರವೋ, ಬೀದಿಯ ಬಡತನವನ್ನು ಕಂಡಂತೆಯೇ ಚಿತ್ರಿಸುವ ನವವಾಸ್ತವವಾದಕ್ಕೆ ವಿದ್ವಜ್ಜನರ ಮನ್ನಣೆಯೆಲ್ಲವೂ ಸಂದಿತು.

ಆ ಪಂಥವನ್ನು ಕಂಡರಾಗದ ಫ್ರೆದಾ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ 1909ರಲ್ಲಿ ಜನಿಸಿದವನು. ಸಾಹಸಕಥೆಗಳಲ್ಲಿಯೂ ಐತಿಹಾಸಿಕ ವೈಭವದಲ್ಲಿಯೂ ಒಲವುಳ್ಳವನು. ಒಂದೇ ದಿನದಲ್ಲಿ ಕಥೆಯನ್ನು ಹೊಸೆದು ಎರಡೇ ವಾರಗಳಲ್ಲಿ ಚಿತ್ರೀಕರಿಸಿ ಕೊಡಬಲ್ಲೆನೆಂದು ತಾನು ನಿರ್ಮಾಪಕರೊಡನೆ ಪಣತೊಟ್ಟುದಾಗಿ ಅವನೇ ಮುಂದೆ ಹೇಳಿಕೊಂಡಿದ್ದಾನೆ. ಎರ್ಮಾನ್ನೊ ದೊನಾತಿ ಮತ್ತು ಲುಯಿಜಿ ಕಾರ್ಪೆಂತಿಯೇರಿ ನಿರ್ಮಾಣದ ಹೊಣೆ ಹೊತ್ತರು. ತಿತಾನುಸ್ ಸಂಸ್ಥೆ ಬೆಂಬಲವಿತ್ತಿತು. ಚಿತ್ರಕಥೆಯಲ್ಲಿ ಕೈಯಾಡಿಸಿದ ಪಿಯೇರೊ ರೆನ್ಯೋಲಿ ಅದಕ್ಕೆ ಹಿಂದೆ ವ್ಯಾಟಿಕನ್ನಿನ ವೃತ್ತಪತ್ರಿಕೆಗೆ ಚಿತ್ರವಿಮರ್ಶೆಗಳನ್ನು ಬರೆಯುತ್ತಿದ್ದನೆಂಬುದು ಸ್ವಾರಸ್ಯಕರವಾದ ಸಂಗತಿ.

ಚಿತ್ರದ ಕಥೆ ಹೀಗಿದೆ: ಪ್ಯಾರಿಸ್ ನಗರದಲ್ಲಿ ತರುಣಿಯರ ರಕ್ತಹೀನ ಶವಗಳು ಒಂದರ ಹಿಂದೊಂದು ದೊರೆಯುತ್ತವೆ. ಈ ಕೊಲೆಗಳ ಜಾಡನ್ನು ಹಿಡಿದ ಪತ್ರಕರ್ತನೊಬ್ಬನು ವೃದ್ಧ ಡಚೆಸ್ ಒಬ್ಬಳ ಭವನಕ್ಕೆ ಬಂದು ತಲುಪುತ್ತಾನೆ. ತರುಣಿಯರ ರಕ್ತದ ಬಲದಿಂದ ಆಕೆ ಯೌವನವನ್ನು ಮರಳಿ ಪಡೆದು, ತನ್ನದೇ ಸೋದರಸೊಸೆಯ ಸೋಗಿನಲ್ಲಿ ಸಮಾಜದಲ್ಲಿ ಸಂಚರಿಸುತ್ತಿರುತ್ತಾಳೆ. ಯೌವನಕ್ಕಾಗಿ ತರುಣಿಯರ ರಕ್ತದಲ್ಲಿ ಮೀಯುತ್ತಿದ್ದಳೆಂಬ ಹಂಗೇರಿಯ ಎಲಿಜಬೆತ್ ಬಾಥೊರಿಯ ಐತಿಹ್ಯದ ನೆರಳು ಇಲ್ಲಿ ಸ್ಪಷ್ಟವಾಗಿದೆ. ಕೋರೆಹಲ್ಲಿನ ಪಿಶಾಚಿಗೆ ಈ ಕಥೆಯಲ್ಲಿ ಎಡೆಯಿಲ್ಲ. ರಕ್ತವನ್ನು ಸೆಳೆಯುವ ಕಾರ್ಯ ವಿಜ್ಞಾನಿಯೊಬ್ಬನ ಪ್ರಯೋಗಶಾಲೆಯಲ್ಲಿ ನಡೆಯುತ್ತದೆ.

ಡಚೆಸ್‌ಳ ಪಾತ್ರವನ್ನು ವಹಿಸಿದ ಜಾನ್ನಾ ಮರಿಯಾ ಕನಾಲೆಯ ಮುಖ, ಕ್ಯಾಮರಾ ಒಮ್ಮೆಯೂ ನಿಲ್ಲದೆ ನೋಡುತ್ತಿರುವಂತೆಯೇ, ಯೌವನದಿಂದ ಜರಾಜೀರ್ಣಾವಸ್ಥೆಗೆ ಇಳಿಯುವ ದೃಶ್ಯವೇ ಚಿತ್ರದ ಪ್ರಾಣವೆನ್ನಬೇಕು. ಅದರ ಉಪಾಯ ಸರಳ. ಮುಖದ ಮೇಲೆ ಸುಕ್ಕುಗಳನ್ನು ಕೆಂಪು ಬಣ್ಣದಿಂದ ಬರೆದು, ಮೊದಲು ಕೆಂಪು ಬೆಳಕನ್ನೇ ಹರಿಯಿಸಿದರೆ ಕಪ್ಪುಬಿಳುಪಿನ ಫಿಲ್ಮಿನಲ್ಲಿ ಅವು ಕಾಣಿಸವು. ಬೆಳಕನ್ನು ಮೆಲ್ಲನೆ ಹಸಿರು ನೀಲಿಗಳಿಗೆ ತಿರುಗಿಸಿದಂತೆ ಅದೇ ಗೆರೆಗಳು ಕಪ್ಪೇರಿ ಮೇಲೆದ್ದು ಬರುವುವು. ಅಮೆರಿಕದಲ್ಲಿ ರೂಬೆನ್ ಮಮೂಲಿಯನ್ 1931ರಲ್ಲಿಯೇ ಜೆಕಿಲ್ ಮತ್ತು ಹೈಡರ ಚಿತ್ರಕ್ಕೆ ಇದನ್ನು ಬಳಸಿದ್ದನಾದುದರಿಂದ ತಂತ್ರ ಹೊಸದೆನ್ನಲಾಗದು. ಆದರೆ ಶಿಲ್ಪಿಯೂ ಛಾಯಾಗ್ರಾಹಕನೂ ಆಗಿದ್ದ ತಂದೆಯ ಕೈಕೆಳಗೆ ಕೆಲಸ ಕಲಿತ ಬಾವಾ ಅದನ್ನು ನಡೆಸಿದ ನಾಜೂಕು ಅಸಾಧಾರಣವಾದುದು. ರೋಮಿನ ಸ್ಟುಡಿಯೋದೊಳಗೆ ಪ್ಯಾರಿಸನ್ನು ತೋರಿಸಲು ಅವನು ನೆಚ್ಚಿದುದು ಇಂತಹ ಕೈಚಳಕಗಳನ್ನೇ. ಭವನದ ಗೋಥಿಕ್ ಒಳಾಂಗಣಗಳನ್ನು ಬೆನಿ ಮೊಂತ್ರೆಸೋರ್ ರೂಪಿಸಿದನು.

ಹನ್ನೆರಡು ದಿನಗಳ ಅವಧಿಯಲ್ಲಿ ಹತ್ತು ಕಳೆದಾಗ, ನಿರ್ಮಾಪಕರೊಡನೆ ಮನಸ್ತಾಪವುಂಟಾಗಿ ಫ್ರೆದಾ ಚಿತ್ರವನ್ನು ಅರ್ಧಕ್ಕೇ ಬಿಟ್ಟುಹೋದನೆಂದೂ, ಉಳಿದ ಎರಡು ದಿನಗಳಲ್ಲಿ ಬಾವಾ ಅದನ್ನು ಮುಗಿಸಿದನೆಂದೂ ಪ್ರತೀತಿ. ತಲೆ ಕಡಿಸಿಕೊಂಡ ಅಪರಾಧಿಯೊಬ್ಬನನ್ನು ಮರಳಿ ಜೀವಂತಗೊಳಿಸುವ ಮೂಲ ಯೋಜನೆಯ ಭಾಗ ಆಗ ಬಿದ್ದುಹೋಗಿ, ಪೊಲೀಸ್ ತನಿಖೆ ಕಥೆಯಲ್ಲಿ ಹೆಚ್ಚು ಜಾಗವನ್ನು ಆಕ್ರಮಿಸಿತು. ಚಿತ್ರದ ಕಥಾಬಂಧದಲ್ಲಿ ಕಾಣುವ ಸಡಿಲತೆಗೆ ಇದೇ ಕಾರಣವಾಗಿರಬೇಕು.

ಇಟಲಿಯ ಪ್ರೇಕ್ಷಕರು ಚಿತ್ರವನ್ನು ಆದರಿಸಲಿಲ್ಲ. ಇಂಗ್ಲೆಂಡಿನ ಹ್ಯಾಮರ್ ಸಂಸ್ಥೆಯ ಫ್ರಾಂಕನ್‌ಸ್ಟೈನ್ ಚಿತ್ರ ಇದರ ಮರುತಿಂಗಳಲ್ಲಿ ಲಂಡನ್ನಿನಲ್ಲಿಯೂ, ಅದರ ಡ್ರಾಕುಲಾ 1958ರಲ್ಲಿಯೂ ಹೊರಬಂದು ಜಗತ್ತಿನಾದ್ಯಂತ ಗೆದ್ದುದನ್ನು ನೆನೆದರೆ, ಈ ಚಿತ್ರ ಸೋತುದು ಮುಂಚೆ ಬಂದ ತಪ್ಪಿಗೆಂದು ತೋರುತ್ತದೆ. ಅಮೆರಿಕದ ವಿತರಕರು ಅಲ್ಲಿಯೇ ಚಿತ್ರೀಕರಿಸಿದ ಹೊಸ ದೃಶ್ಯಗಳನ್ನು ಸೇರಿಸಿ, ದಿ ಡೆವಿಲ್ಸ್ ಕಮಾಂಡ್‌ಮೆಂಟ್ ಎಂಬ ಹೆಸರಿನಿಂದ ಇದನ್ನು ಪ್ರದರ್ಶಿಸಿದರು. ಆ ರೂಪ ಮೂಲಕ್ಕೆ ಅಪಚಾರವೇ ಸರಿ.

ಚಿತ್ರಮಂದಿರದ ಹೊರಗಣ ಭಿತ್ತಿಪತ್ರಗಳನ್ನು ಕುತೂಹಲದಿಂದ ನೋಡುತ್ತಿದ್ದ ಜನ, ನಿರ್ದೇಶಕನ ಇಟಾಲಿಯನ್ ಹೆಸರನ್ನು ಓದಿದೊಡನೆಯೇ ಹಿಂದಿರುಗಿ ಹೋಗುತ್ತಿದ್ದರೆಂದು ಫ್ರೆದಾ ದೂರುತ್ತಿದ್ದನು. ಆದುದರಿಂದ 1959ರ ಕಾಲ್ತಿಕಿ ಎಂಬ ಚಿತ್ರದಲ್ಲಿ ಅವನು ರಾಬರ್ಟ್ ಹ್ಯಾಂಪ್ಟನ್ ಎಂಬ ಆಂಗ್ಲನಾಮವನ್ನು ಧರಿಸಿದನು. ಮುಂದಿನ ದಶಕದಲ್ಲಿ ಭಯಾನಕ ಚಿತ್ರಗಳನ್ನು ಮಾಡಿದ ಅನೇಕ ಇಟಾಲಿಯನ್ನರು ಇದೇ ದಾರಿ ಹಿಡಿದರು. ಕಾಲ್ತಿಕಿಯನ್ನೂ ಫ್ರೆದಾ ನಡುವೆಯೇ ಬಿಟ್ಟನು, ಬಾವಾ ಮತ್ತೆ ಮುಗಿಸಿಕೊಟ್ಟನು. ಹೀಗೆ ಪರರ ಕೆಲಸವನ್ನು ದಡ ಮುಟ್ಟಿಸುತ್ತಿದ್ದವನಿಗೆ ಗಲಾತೇಯಾ ಸಂಸ್ಥೆ ಸ್ವತಂತ್ರ ನಿರ್ದೇಶನದ ಅವಕಾಶವನ್ನು ಕೊಡಲು, 1960ರಲ್ಲಿ ಲಾ ಮಾಸ್ಕೆರಾ ದೆಲ್ ದೆಮೋನಿಯೊ ಎಂಬ ಚಿತ್ರ ಹೊರಬಂದಿತು.