ಪಂಡಿತಾ ರಮಾಬಾಯಿ: ಬರಗಾಲದಿಂದ ಮುಕ್ತಿಯವರೆಗೆ

1889ರ ಮಾರ್ಚ್ 11ರಂದು ನಮ್ಮ ಮುಂಬಯಿಯ ಚೌಪಾಟಿಯ ಬಳಿ ಒಂದು ಮನೆಯಲ್ಲಿ ‘ಶಾರದಾ ಸದನ’ ಆರಂಭವಾಯಿತು. ವಿಧವೆಯರಿಗೆ ವಸತಿ, ವಿದ್ಯೆ ಎರಡನ್ನೂ ಕೊಡುವ ಶಾಲೆ. ಅಲ್ಲಿಗೆ ಬಂದ ಮೊದಲ ಬಾಲವಿಧವೆ ಗೋದೂಬಾಯಿ. ಮುಂದೆ 1893ರಲ್ಲಿ ಆಕೆಯನ್ನು ಮದುವೆಯಾದ ಧೋಂಡೋ ಕೇಶವ ಕರ್ವೆಯವರೇ ಇಂದಿನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಸ್ಥಾಪಕರು. ಸದನಕ್ಕೆ ಶಾರದೆಯ ಹೆಸರಿಟ್ಟ ಪಂಡಿತಾ ರಮಾಬಾಯಿ ಆಗ ಕ್ರೈಸ್ತರಾಗಿ ಐದು ವರ್ಷ ದಾಟಿತ್ತು. ಅವರು ಹುಟ್ಟಿದ್ದು ನಮ್ಮದೇ ಕುದುರೆಮುಖದ ಕಾಡಿನ ಗಂಗಾಮೂಲದಲ್ಲಿ, 1858ರಲ್ಲಿ.

ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು, ಚಿತ್ಪಾವನ ಬ್ರಾಹ್ಮಣರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕೆ ಉಡುಪಿಯಲ್ಲಿ ಪಂಡಿತರ ಸಭೆಯೆದುರು ಉತ್ತರ ಹೇಳಬೇಕಾಯಿತು; ಶಾಸ್ತ್ರದ ಆಧಾರಗಳನ್ನೇ ಮುಂದಿಟ್ಟು ಅವರು ತಮ್ಮ ನಡೆಯನ್ನು ಸಮರ್ಥಿಸಿಕೊಂಡರು. ಮಗಳಿಗೆ ಆರು ತಿಂಗಳಾದಾಗ ಕುಟುಂಬ ಗಂಗಾಮೂಲ ಬಿಟ್ಟಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳೊಬ್ಬ ತಲೆಯ ಮೇಲೆ ಹೊತ್ತು ಘಟ್ಟ ಇಳಿದ. ಅಲ್ಲಿಂದ ಮುಂದೆ ಬದುಕೆಲ್ಲ ತೀರ್ಥಯಾತ್ರೆ, ಪುರಾಣ ಪ್ರವಚನ. ಅಮ್ಮನೇ ಗುರು. ಭಾಗವತದ ಸಾವಿರಾರು ಶ್ಲೋಕ ಹುಡುಗಿಗೆ ಬಾಯಿಪಾಠವಾದವು.

ಅನಂತರ ಬಂತು 1870ರ ದಶಕದ ಬರ. ಕೂಲಿ ಮಾಡಿ ಗೊತ್ತಿಲ್ಲ, ಬೇಡಲು ಮನಸ್ಸಿಲ್ಲ. ಇದ್ದಬದ್ದದ್ದನ್ನೆಲ್ಲ ಮಾರಿ ದಾನ ಕೊಟ್ಟು, ವ್ರತ ಮಾಡಿ, ದೇವರು ಕಣ್ಣು ತೆರೆಯಲೆಂದು ಕಾದರು. ಮೊದಲು ತಂದೆ ಹೋದರು, ಬೆನ್ನಿಗೇ ತಾಯಿ, ಆಮೇಲೆ ಅಕ್ಕ. ತಾಯಿಯ ಹೆಣ ಹೊರಲು ಬಂದವರು ಇಬ್ಬರೇ ಬ್ರಾಹ್ಮಣರು. ಉಳಿದೆರಡು ತುದಿಗೆ ಅಣ್ಣ ಶ್ರೀನಿವಾಸ ಮತ್ತು ಈ ಹುಡುಗಿ. ಕುಳ್ಳಗಿದ್ದ ಕಾರಣ ಚಟ್ಟ ಹೆಗಲಿಗೆ ಸಮನಾಗದೆ ತಲೆಯ ಮೇಲೆ ಹೊತ್ತು ಮಸಣದವರೆಗೆ ನಡೆದರಂತೆ. ಶ್ಲೋಕಗಳೆಲ್ಲ ಇದ್ದವು, ಅನ್ನವಿರಲಿಲ್ಲ.

ಅಣ್ಣ ತಂಗಿ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತೆ ಮುಟ್ಟಿದರು. ಅಲ್ಲಿನ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂದು ಗೌರವಿಸಿದರು. ಆದರೆ 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಮದುವೆ. 1882ರಲ್ಲಿ ಅವರೂ ಕಾಲರಾಕ್ಕೆ ಬಲಿ. ಕೈಯಲ್ಲಿ ಎಳೆಗೂಸು ಮನೋರಮಾ. ರಮಾಬಾಯಿಗೆ ಆಗ ವಯಸ್ಸು ಇಪ್ಪತ್ತನಾಲ್ಕೂ ತುಂಬಿರಲಿಲ್ಲ.

ಇಷ್ಟು ಸಾವು ಕಂಡವರು ಸಮಾಧಾನ ಹುಡುಕಿ ಕ್ರಿಸ್ತನ ಬಳಿ ಹೋದರು ಎಂದು ಊಹಿಸುವುದು ಸುಲಭ. ಅವರ ಬರಹ ಓದಿದರೆ ಕಾಣುವುದು ಬೇರೆ. ವೈದ್ಯ ಶಿಕ್ಷಣದ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹೋದಾಗ, ಕ್ರೈಸ್ತ ಸನ್ಯಾಸಿನಿಯರು ದಾರಿತಪ್ಪಿದವರೆನಿಸಿಕೊಂಡ ಹೆಂಗಸರಿಗಾಗಿ ಲಂಡನ್ನಿನ ಫುಲ್ಹಾಮಿನಲ್ಲಿ ನಡೆಸುತ್ತಿದ್ದ ಆಶ್ರಯಧಾಮವನ್ನು ಕಂಡರು. ಸಮಾಜ ಹೊರದೂಡಿದವರನ್ನು ಇವರೇಕೆ ಅಕ್ಕತಂಗಿಯರಂತೆ ನೋಡಿಕೊಳ್ಳುತ್ತಾರೆ ಎಂಬುದೇ ಅವರ ಪ್ರಶ್ನೆ. ಉತ್ತರವಾಗಿ ಸಿಕ್ಕಿದ್ದು ಯೇಸು ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಯೋಹಾನನ ಸುವಾರ್ತೆಯ ಕಥೆ. ಆ ವರ್ಷ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು.

ಹಾಗಂತ ಹೇಳಿದ್ದಕ್ಕೆಲ್ಲ ತಲೆಯಾಡಿಸಿದವರಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಏಕೆ, ಸಂಸ್ಕೃತವಿರಲಿ ಎಂದು ವಾದಿಸಿದರು. ಸಸ್ಯಾಹಾರ ಬಿಡಲಿಲ್ಲ. ಧರ್ಮ ಸಿಕ್ಕಿತು, ಕ್ರಿಸ್ತ ಸಿಗಲು ಇನ್ನೂ ಎಂಟು ವರ್ಷ ಬೇಕಾಯಿತು ಎಂಬ ಅರ್ಥದಲ್ಲಿ ತಾವೇ ಬರೆದುಕೊಂಡಿದ್ದಾರೆ. ನನಗೆ ಈ ಪ್ರಾಮಾಣಿಕತೆಯೇ ಮೆಚ್ಚುಗೆ.

ಮುಂಬಯಿಯ ಸದನ 1890ರಲ್ಲಿ ಪುಣೆಗೆ ಹೋಯಿತು. ಅಲ್ಲಿ ಗದ್ದಲವೆದ್ದಿತು. ಮತಬೋಧೆ ಮಾಡುವುದಿಲ್ಲ ಎಂದಿದ್ದ ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥಿಸುವಾಗ ಬಾಗಿಲು ಮುಚ್ಚುತ್ತಿರಲಿಲ್ಲ, ಹುಡುಗಿಯರು ಬಂದು ಕೂರುತ್ತಿದ್ದರು. 1893ರಲ್ಲಿ ರಾನಡೆ, ಭಂಡಾರ್ಕರ್ ಸಲಹಾ ಮಂಡಳಿ ಬಿಟ್ಟರು. ಮಕ್ಕಳನ್ನು ನಂಬಿ ಕಳುಹಿಸಿದ ಹೆತ್ತವರ ಆತಂಕ ಸುಳ್ಳಲ್ಲ. ಆದರೆ ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸಿದ ಹುಡುಗಿಗೆ ಬೇರೆ ಬಾಗಿಲು ಎಷ್ಟು ತೆರೆದಿದ್ದವು ಎಂಬುದನ್ನೂ ಕೇಳಬೇಕಲ್ಲ?

1896-97ರಲ್ಲಿ ಮಧ್ಯಪ್ರಾಂತದಲ್ಲಿ ಮತ್ತೆ ಬರ. ರಮಾಬಾಯಿ ಸುದ್ದಿ ಕೇಳಿ ಸುಮ್ಮನೆ ಕೂರಲಿಲ್ಲ. ಬರದ ಊರುಗಳಿಗೆ ಹೋಗಿ ಸುಮಾರು ಮುನ್ನೂರು ಹೆಂಗಸರು, ಹುಡುಗಿಯರನ್ನು ಕರೆತಂದರು. ಹಸಿವು ಏನೆಂದು ಹೇಳಿಕೊಡುವವರು ಅವರಿಗೆ ಬೇಕಿರಲಿಲ್ಲ. ಪುಣೆಯ ಆಚೆ ಕೇಡಗಾಂವ್‌ನಲ್ಲಿ ಕೊಂಡಿದ್ದ ಜಮೀನಿನಲ್ಲಿ ನೆಲೆ ಕಲ್ಪಿಸಿದರು. ಅದೇ ‘ಮುಕ್ತಿ’. ನಾವು ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಹೋಗುವಾಗ ದೌಂಡ್‌ಗೆ ಮುಂಚೆ ಆ ಸ್ಟೇಷನ್ ದಾಟುತ್ತೇವೆ. 1897ರಲ್ಲಿ ಪ್ಲೇಗ್ ಬಂದಾಗ, ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರ ಸ್ಥಿತಿ ಹೇಗಿದೆಯೆಂದು ಮುಂಬಯಿಯ ‘ಬಾಂಬೆ ಗಾರ್ಡಿಯನ್’ ಪತ್ರಿಕೆಗೆ ಬರೆದರು. ಮಾತು ಲಂಡನ್ನಿನ ಪಾರ್ಲಿಮೆಂಟಿನವರೆಗೆ ಹೋಯಿತು. ಆಳುವವರ ಧರ್ಮವೇ ತಮ್ಮದೂ ಎಂದು ಅವರು ಬಾಯಿ ಮುಚ್ಚಿಕೊಳ್ಳಲಿಲ್ಲ.

ಮುಕ್ತಿಯಲ್ಲಿ ಪ್ರಾರ್ಥನೆಯಷ್ಟೇ ದುಡಿಮೆಯೂ ಇತ್ತು. ಹೊಲ, ಹೈನು, ಎಣ್ಣೆಗಾಣ, ಮಗ್ಗ, ಮುದ್ರಣಾಲಯ. ಕುರುಡು ಹೆಣ್ಣುಮಕ್ಕಳಿಗೆ ಮನೋರಮಾ ಬ್ರೈಲ್ ಕಲಿಸಿದರು. ತಂದೆ ತಾಯಿಗೆ ಗೊತ್ತಿಲ್ಲದಿದ್ದ ಕೈಕೆಲಸವನ್ನು ಈ ಮಗಳು ನೂರಾರು ಹುಡುಗಿಯರಿಗೆ ಕಲಿಸಿದಳು ಎನ್ನುವುದು ನನಗೆ ದೊಡ್ಡ ವಿಷಯ. 1912ರಲ್ಲಿ ನಿಜಾಮರ ಆಡಳಿತದಲ್ಲಿದ್ದ ಗುಲ್ಬರ್ಗದಲ್ಲೂ ಶಾಲೆ ತೆರೆದು ಮನೋರಮಾರಿಗೆ ವಹಿಸಿದರು. ಕನ್ನಡದ ನೆಲಕ್ಕೆ ಅವರು ಹೀಗೆ ಮರಳಿದರು.

ಕೊನೆಯ ಪೆಟ್ಟು 1921ರ ಜುಲೈನಲ್ಲಿ. ಮನೋರಮಾ ತೀರಿಕೊಂಡರು. ಹುಟ್ಟಿದ ಮನೆ, ಕಟ್ಟಿಕೊಂಡ ಮನೆ ಎರಡರಲ್ಲೂ ಇನ್ನು ಯಾರೂ ಉಳಿಯಲಿಲ್ಲ. ರಮಾಬಾಯಿಯವರ ಮೇಜಿನ ಮೇಲಿದ್ದದ್ದು ಬೈಬಲ್ಲಿನ ಮರಾಠಿ ಅನುವಾದ. ಓದು ಬರುವ ಹಳ್ಳಿಯ ಹೆಂಗಸಿಗೂ ತಿಳಿಯಬೇಕೆಂದು ಹೀಬ್ರೂ, ಗ್ರೀಕ್ ಕಲಿತು ವರ್ಷಗಟ್ಟಲೆ ಮಾಡುತ್ತಿದ್ದ ಕೆಲಸ. ಮಗಳು ಹೋದ ಮೇಲೂ ಅದನ್ನು ಬಿಡದೆ ಮುಗಿಸಿ 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಗ್ರಂಥ ಪೂರ್ತಿಯಾಗಿ ಅಚ್ಚಾಗಿ ಬಂದದ್ದು ಅವರು ಹೋದ ಮೇಲೆ, ಮುಕ್ತಿಯ ಮುದ್ರಣಾಲಯದಿಂದಲೇ. ಅಲ್ಲಿ ಮೊಳೆ ಜೋಡಿಸುತ್ತಿದ್ದವರು ಅವರೇ ಸಾಕಿದ ಹೆಣ್ಣುಮಕ್ಕಳು.