ಸರಪಳಿಯಲ್ಲಿ ಕೂಡುವ ಲೆಕ್ಕ

ಕಂಪ್ಯೂಟರ್ ಓದಿದ ನಮ್ಮೂರ ಹುಡುಗ ಹುಡುಗಿಯರು ಕೆಲಸದ ಸಂದರ್ಶನಕ್ಕೆ ಹೊರಟರೆ ಒಂದು ಪ್ರಶ್ನೆಗೆ ತಯಾರಾಗಿಯೇ ಹೋಗುತ್ತಾರೆ. ಎರಡು ಸಂಖ್ಯೆಗಳನ್ನು ಅಂಕಿ ಅಂಕಿಯಾಗಿ ಬಿಡಿಸಿ ‘ಲಿಂಕ್ಡ್ ಲಿಸ್ಟ್’ನಲ್ಲಿ ಇಟ್ಟಿದೆ, ಬಿಡಿ ಸ್ಥಾನ ಮೊದಲು. ಕೂಡಿ, ಉತ್ತರವನ್ನೂ ಹಾಗೇ ಕೊಡಿ. ನಾವು ಕೋಡ್ ಬರೆಯುವವರಲ್ಲ. ಆದರೂ ಈ ಲಿಸ್ಟ್ ಎಲ್ಲಿಂದ ಬಂತು ಎಂದು ಹುಡುಕಿದೆವು.

ಸಿಕ್ಕಿದ್ದು ಅಮೆರಿಕದ ಪಿಟ್ಸ್‌ಬರ್ಗ್. 1956ರ ಜನವರಿಯ ಒಂದು ಸಂಜೆ ಹರ್ಬರ್ಟ್ ಸೈಮನ್ ತಮ್ಮ ಹೆಂಡತಿ, ಮೂವರು ಮಕ್ಕಳು, ಕೆಲವು ವಿದ್ಯಾರ್ಥಿಗಳನ್ನು ಕೂಡಿಸಿ ಕೈಗೊಂದು ಕಾರ್ಡ್ ಕೊಟ್ಟರು. ಒಂದೊಂದು ಕಾರ್ಡೂ ಪ್ರೋಗ್ರಾಮಿನ ಒಂದು ತುಂಡು. ಯಂತ್ರದ ಕೆಲಸವನ್ನು ಅಂದು ಮನೆಮಂದಿ ಮಾಡಿದರು! ಸೈಮನ್, ಅಲೆನ್ ನ್ಯೂವೆಲ್, ಕ್ಲಿಫ್ ಶಾ ಮೂವರೂ ಗಣಿತದ ಪ್ರಮೇಯಗಳನ್ನು ಸಾಧಿಸುವ ‘ಲಾಜಿಕ್ ಥಿಯರಿಸ್ಟ್’ ಕಟ್ಟುತ್ತಿದ್ದರು. ಒಂದು ಸಾಧನೆ ಎಷ್ಟು ಉದ್ದ ಬೆಳೆಯುತ್ತದೆಂದು ಮೊದಲೇ ಹೇಳಲಾಗದು. ಸಾಲಾಗಿ ಜಾಗ ಕಾದಿರಿಸಿದರೆ ಒಮ್ಮೆ ಸಾಲದು, ಒಮ್ಮೆ ದಂಡ. ಅದಕ್ಕೇ ಸರಪಳಿ ಹೂಡಿದರು. ಪ್ರತಿ ಡಬ್ಬಿಯಲ್ಲಿ ಎರಡು ವಿಷಯ: ಒಂದು ವಸ್ತು, ಮತ್ತೆ ಮುಂದಿನ ಡಬ್ಬಿಯ ವಿಳಾಸ. ಚೀಟಿ ಓದಿ ಮುಂದಿನ ಚೀಟಿ ಹುಡುಕುವ ಮಕ್ಕಳ ಆಟವಿದೆಯಲ್ಲ, ಹಾಗೆ. ನಡುವೆ ಒಂದನ್ನು ಸೇರಿಸಬೇಕೆಂದರೆ ವಿಳಾಸ ಬದಲಿಸಿದರಾಯಿತು, ಉಳಿದವರನ್ನು ತಳ್ಳಬೇಕಿಲ್ಲ.

ಈಗ ಲೆಕ್ಕ. 786 ಮತ್ತು 459. ಸರಪಳಿಯಲ್ಲಿ 6, 8, 7 ಮತ್ತು 9, 5, 4. ಆರು ಒಂಬತ್ತು ಹದಿನೈದು, 5 ಬರೆದು ಕೈಲಿ ಒಂದು. ಎಂಟು, ಐದು, ಕೈಲಿದ್ದ ಒಂದು ಸೇರಿ ಹದಿನಾಲ್ಕು, 4 ಬರೆದು ಮತ್ತೆ ಕೈಲಿ ಒಂದು. ಏಳು, ನಾಲ್ಕು, ಒಂದು ಹನ್ನೆರಡು, 2 ಬರೆದು ಕೈಲಿ ಒಂದು. ಡಬ್ಬಿಗಳು ಮುಗಿದವು, ಕೈಲಿ ಒಂದು ಉಳಿದೇ ಇದೆ. ಅದಕ್ಕೆ ಹೊಸ ಡಬ್ಬಿ ಬೇಕು. ಹಲವರು ಎಡವುವುದು ಇಲ್ಲೇ. 5, 4, 2, 1. ಅಂದರೆ 1245.

ಸರಪಳಿಯನ್ನು ಮೊದಲು ಇಡೀ ಸಂಖ್ಯೆಯಾಗಿಸಿ ಕೂಡಿದರೆ ಆಗದೇ? ಸಣ್ಣದಕ್ಕೆ ಆಗುತ್ತದೆ. ಆದರೆ 64 ಬಿಟ್ಟಿನ ಖಾನೆಯಲ್ಲಿ 20 ಅಂಕಿಗಿಂತ ದೊಡ್ಡದು ಹಿಡಿಯುವುದಿಲ್ಲ. ಎರಡನೇ ತರಗತಿಯ ಮೇಷ್ಟ್ರು ಕಲಿಸಿದ ದಾರಿಗೆ ಆ ಮಿತಿಯಿಲ್ಲ.

ಇದು ಬರೀ ಪರೀಕ್ಷೆಗೆಂದು ಹುಟ್ಟಿದ ಒಗಟಲ್ಲ. 1960ರ ದಶಕದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜಾರ್ಜ್ ಕಾಲಿನ್ಸ್ ಬೀಜಗಣಿತಕ್ಕೆಂದು ‘ಸ್ಯಾಕ್-1’ ಕಟ್ಟಿದಾಗ ಭಾರೀ ಸಂಖ್ಯೆಗಳನ್ನು ಹೀಗೇ ಸರಪಳಿಯಲ್ಲಿ ಪೋಣಿಸಿದರು. ಡಬ್ಬಿಗೆ ಬರೀ 0ರಿಂದ 9 ಅಲ್ಲ, ಅದಕ್ಕಿಂತ ಬಹು ದೊಡ್ಡ ‘ಅಂಕಿ’. ಇಂದಿನ ಪೈಥಾನ್ ದೊಡ್ಡ ಸಂಖ್ಯೆಗಳಿಗೆ ಸರಪಳಿ ಬಿಟ್ಟು ಸಾಲನ್ನೇ ಬಳಸುತ್ತದೆ. ಬಿಡಿ ಸ್ಥಾನ ಮೊದಲೆಂಬ ಕ್ರಮ ಮಾತ್ರ ಅಲ್ಲೂ ಹಾಗೇ ಇದೆ.